ಬಾರ್ಜಣ್ಣನ ಮುದುಕಿ

ಬಾರ್ಜಣ್ಣ ಹೋದರೆಂದು ಫೋನಿನಲ್ಲಿ ತಿಳಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ, ಅವರನ್ನು ಮೊದಲ ಸಲ ನೋಡಿದ್ದು ಎಲ್ಲಿ ಎಂದು ಹೆಂಡತಿಯೊಡನೆ ಜಗಳ ತೆಗೆದದ್ದು. ಠಾಕುರ್ಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಎಂದೆ ನಾನು. ಒಂದು ಕೈಯಲ್ಲಿ ಬಂಗುಡೆಯ ಚೀಲ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಸೇತುವೆಯ ಕಬ್ಬಿಣವನ್ನು ಬಡಿಯುತ್ತ ಬರುತ್ತಿದ್ದರು. "ಸುಳ್ಳು" ಎಂದಳು ಅವಳು. "ನಾವು ಬಿಲ್ಡಿಂಗಿಗೆ ಬಂದ ದಿನ ನಮ್ಮ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತಲ್ಲ, ಆಗ ಕೆಳಗಿನಿಂದ 'ಮೂತಿ ಎತ್ತಿ, ಹಿಂದೆ ತಗ್ಗಿಸಿ' ಎಂದು ಕೂಗಿದವರು ಅವರೇ. ಕೈಯಲ್ಲಿ ಮೀನಿನ ಚೀಲ ಇತ್ತು." ಇಬ್ಬರ ನೆನಪುಗಳೂ ಗಟ್ಟಿಯಾಗಿವೆ. ಎರಡೂ ನಿಜವಾಗಿರಲಾರವು. ಚೀಲವೊಂದು ಎರಡರಲ್ಲೂ ಇರುವುದರಿಂದ ಸದ್ಯಕ್ಕೆ ಅದನ್ನು ಮಾತ್ರ ನಂಬುತ್ತೇನೆ.

ನನ್ನ ನೆನಪಿನ ಬಗ್ಗೆ ನನಗಿರುವ ಈ ಸಂಶಯಕ್ಕೆ ಓದೂ ಕಾರಣ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟು, ಒಂದು ಪತ್ರಿಕೆ, ಒಂದು ಜಾಹೀರಾತು ಕಂಪನಿ, ಮೂರು ಕಾಲೇಜು ಬದಲಿಸಿದವನು ನಾನು. ಎಲ್ಲಿಯೂ ಕೂತಲ್ಲಿ ಕೂರಲಿಲ್ಲ, ಯಾರು ಹೇಳಿದ್ದನ್ನೂ ಹೇಳಿದ ಹಾಗೆ ಒಪ್ಪಲಿಲ್ಲ. ಮುಂಬಯಿಯ ಹೊರವಲಯದ ಠಾಕುರ್ಲಿಯಲ್ಲಿ ನಾವಿದ್ದ ಆ ನಾಲ್ಕು ಮಹಡಿಯ, ಲಿಫ್ಟಿಲ್ಲದ ಬಿಲ್ಡಿಂಗಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗಣಪತಿಯ ವಂತಿಗೆ ಕೇಳಲು ಬಂದವರು ನನ್ನ ಬಾಗಿಲಿಗೆ ಕೊನೆಯಲ್ಲಿ ಬರುತ್ತಿದ್ದರು, ಪ್ರಶ್ನೆಗಳಿಗೆ ಸಮಯ ಇಟ್ಟುಕೊಂಡು.

ಬಾರ್ಜಣ್ಣನ ನಿಜವಾದ ಹೆಸರು ಇಲ್ಲಿ ಬೇಡ. ಬಿಲ್ಡಿಂಗಿನಲ್ಲಿ ಅದನ್ನು ಕರೆಂಟ್ ಬಿಲ್ಲಿನವನು ಮಾತ್ರ ಬಳಸುತ್ತಿದ್ದ. ಉಡುಪಿ ಕಡೆಯವರು. ಮುಂಬಯಿ ಬಂದರಿನಲ್ಲಿ ಲಂಗರು ಹಾಕಿ ನಿಂತ ದೊಡ್ಡ ಹಡಗುಗಳಿಗೆ ಕುಡಿಯುವ ನೀರು ಒಯ್ಯುವ ಬಾರ್ಜೊಂದರಲ್ಲಿ ಜೀವಮಾನ ಕಳೆದವರು. ಅಡುಗೆಯವರಾಗಿ ಹತ್ತಿದರು, ಸಾರಂಗರಾಗಿ, ಅಂದರೆ ಬಾರ್ಜನ್ನು ನಡೆಸುವ ಯಜಮಾನರಾಗಿ, ಇಳಿದರು. ಅದಕ್ಕೇ ದೊಡ್ಡವರಿಗೆ ಬಾರ್ಜಣ್ಣ. ಇಲ್ಲೇ ಹುಟ್ಟಿ ಹಿಂದಿಯಲ್ಲೇ ಉತ್ತರಿಸುವ ಮಕ್ಕಳಿಗೆ ಬಾರ್ಜ್ ಅಂಕಲ್.

ಕುಳ್ಳ ಆಳು. ಇಂಜಿನ್ನಿನ ಪಕ್ಕದಲ್ಲೇ ಮಲಗಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಹಾಗಾಗಿ ಎದುರಿಗೆ ಕೂತವನೊಡನೆಯೂ ಪಕ್ಕದ ಹಡಗಿನವನೊಡನೆ ಮಾತಾಡುವ ಹಾಗೆ ಮಾತು. ಗುಟ್ಟು ಹೇಳಬೇಕೆಂದರೆ ಬಾಗಿಲು ಹಾಕುತ್ತಿದ್ದರು, ಆಮೇಲೆ ಕೂಗುತ್ತಿದ್ದರು. ಲೋಕಲ್‌ನಲ್ಲಿ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದರು. ದಿವಾ ಸ್ಟೇಷನ್ನಿನ ಬಳಿ ಗಾಡಿ ಹಳಿ ಬದಲಿಸಿ ಇಡೀ ಬೋಗಿ ನನ್ನ ಮೇಲೆ ಒರಗಿದರೂ ಅವರು ಮಾತ್ರ ಕಾಲಗಲಿಸಿ ನೆಟ್ಟಗೆ ನಿಂತು, "ಎಂತ ಮಾಷ್ಟ್ರೇ, ಇಷ್ಟಕ್ಕೇ ಬೀಳುವುದಾ?" ಎನ್ನುತ್ತಿದ್ದರು.

ಅವರ ಮಾತೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಆ ಬಾರ್ಜಿಗೆ. ಅದಕ್ಕೆ ಮೂರು ಮಾಲೀಕರು ಮೂರು ಹೆಸರಿಟ್ಟಿದ್ದರು. ಇವರು ಒಂದನ್ನೂ ಬಳಸದೆ 'ನಮ್ಮ ಮುದುಕಿ' ಎನ್ನುತ್ತಿದ್ದರು. ಹಿಟ್ಲರನ ಕಾಲದ ಯುದ್ಧದಲ್ಲಿ ಎಲ್ಲೋ ವಿಲಾಯತಿಯಲ್ಲಿ ಗಡಿಬಿಡಿಯಲ್ಲಿ ಕಟ್ಟಿದ್ದು. ಟ್ಯಾಂಕುಗಳನ್ನು ತುಂಬಿಕೊಂಡು ಹೋಗಿ ದಡಕ್ಕೆ ಇಳಿಸಲಿಕ್ಕೆ. "ಯುದ್ಧ ಮುಗಿಯುವ ತನಕ ತೇಲಿದರೆ ಸಾಕು ಅಂತ ಕಟ್ಟಿದ್ದು ಮಾಷ್ಟ್ರೇ. ಯುದ್ಧ ಮುಗೀತು. ಇವಳಿಗೆ ಯಾರೂ ಹೇಳಲೇ ಇಲ್ಲ."

ಅವರ ಹೆಂಡತಿ, ನಮಗೆಲ್ಲ ಅಕ್ಕ, ಒಳಗಿನಿಂದ ದನಿ ಸೇರಿಸುತ್ತಿದ್ದರು. "ಇವರಿಗೆ ಇಬ್ಬರು ಹೆಂಡಿರು. ದೊಡ್ಡವಳು ನೀರಲ್ಲಿದ್ದಾಳೆ. ಅವಳಿಗೆ ವರ್ಷಕ್ಕೊಮ್ಮೆ ಹೊಸ ಬಣ್ಣ. ನನಗೆ ಈ ಅಡುಗೆಮನೆಯ ಗೋಡೆಗೂ ಬಣ್ಣ ಬರಲಿಲ್ಲ." ಅಕ್ಕ ನೀರುದೋಸೆ, ಪತ್ರೊಡೆ ಮಾಡಿ ಡೊಂಬಿವ್ಲಿಯ ತನಕ ಮನೆಮನೆಗೆ ಮಾರುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಬಾಗಿಲಲ್ಲಿ ಸ್ಟೀಲ್ ಡಬ್ಬಿ ಹಿಡಿದವರ ಸಾಲು. ಆ ಸಾಲಿನ ನಡುವೆ ನಿಂತು ಬಾರ್ಜಣ್ಣ ಯುದ್ಧದ ಕಥೆ ಹೇಳುತ್ತಿದ್ದರು. ಡಬ್ಬಿ ಬರುವ ತನಕ ಯಾರೂ ಓಡಿಹೋಗುವಂತಿರಲಿಲ್ಲ.

ನನಗೆ ಈ ಯುದ್ಧದ ಭಾಗದ ಮೇಲೆ ನಂಬಿಕೆ ಬಂದಿರಲಿಲ್ಲ. ಒಂದು ದಿನ ಹೇಳಿಯೇಬಿಟ್ಟೆ. "ದಾಖಲೆ ಏನಾದರೂ ಇದೆಯೇ?"

"ದಾಖಲೆ ಎಂತ, ಅವಳೇ ಇದ್ದಾಳಲ್ಲ. ಬನ್ನಿ, ತೋರಿಸ್ತೇನೆ."

ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಬೇಲಾಪುರಕ್ಕೆ ಹೋದೆವು. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಒಂದು ಸಣ್ಣ ಜೆಟ್ಟಿಯಲ್ಲಿ ಮುದುಕಿಯನ್ನು ಕಟ್ಟಿದ್ದರು. ನೀರು ಒಯ್ಯುವ ಕೆಲಸದಿಂದಲೂ ನಿವೃತ್ತಿಯಾಗಿ, ಈಗ ಅದರ ಮೇಲೆ ಮೀನುದೋಣಿಗಳ ರಿಪೇರಿ ನಡೆಯುತ್ತಿತ್ತು. ವೆಲ್ಡಿಂಗ್ ಕಿಡಿ, ಒಣಗಲು ಹಾಕಿದ ಲುಂಗಿ, ಡಬ್ಬಿಯಲ್ಲಿ ನೆಟ್ಟ ಒಂದು ತುಳಸಿ. "ಕಟ್ಟಿದವರ ಹೆಸರಿನ ಫಲಕ ಎಲ್ಲಿ?" ಎಂದೆ. ಬಾರ್ಜಣ್ಣ ಹೆಮ್ಮೆಯಿಂದ ನನ್ನನ್ನು ಚುಕ್ಕಾಣಿ ಕೋಣೆಯ ಗೋಡೆಯ ಬಳಿ ಕರೆದೊಯ್ದು ನಾಲ್ಕು ತೂತು ತೋರಿಸಿದರು. "ಇಲ್ಲೇ ಇತ್ತು. ಹಿತ್ತಾಳೆಯದ್ದು. ನಾನು ಸೇರುವ ಮೊದಲೇ ಯಾರೋ ಗುಜರಿಗೆ ಹಾಕಿದ್ರು."

ನಾಲ್ಕು ತೂತನ್ನು ದಾಖಲೆ ಎಂದು ಒಪ್ಪಲು ನನ್ನ ವಿಶ್ವವಿದ್ಯಾಲಯ ಬಿಡುವುದಿಲ್ಲ. ಆದರೆ ಮುಂಭಾಗಕ್ಕೆ ಬಂದಾಗ ಸ್ವಲ್ಪ ಮೆತ್ತಗಾದೆ. ಹಡಗಿನ ಮೂತಿ ಚೂಪಾಗಿರಲಿಲ್ಲ. ಗೋದಾಮಿನ ಬಾಗಿಲ ಹಾಗೆ ಚಪ್ಪಟೆ. ಸುತ್ತ ದಪ್ಪ ಬೆಸುಗೆ, ಹರಿದ ಗೋಣಿಯನ್ನು ಹೊಲಿದಂತೆ. "ಇದು ಕೆಳಗೆ ಬೀಳುವ ಬಾಗಿಲು. ಬಿದ್ದ ಕೂಡಲೇ ಟ್ಯಾಂಕು ಹೊರಗೆ. ಆಮೇಲೆ ಬಂದವರು ಬೆಸೆದು ಬಾಯಿ ಮುಚ್ಚಿಸಿದ್ರು." ಆಮೇಲಿನ ಬಾಳನ್ನು ಅವರು ನಡೆಯುತ್ತ ನಡೆಯುತ್ತ ಹೇಳಿದರು: ಮಂಗಳೂರಿನಿಂದ ಮುಂಬಯಿಗೆ ಹೆಂಚು ಹೊತ್ತದ್ದು, ಕಲ್ಯಾಣದ ಖಾಡಿಯಲ್ಲಿ ಮರಳು ಹೊತ್ತದ್ದು, ಕೊನೆಗೆ ನೀರು. ಮೊದಲಿನ ಇಂಜಿನ್ ಹೋಗಿ ಬೇರೆ ಬಂತು, ಅದೂ ಹೋಗಿ ಲಾರಿಯದ್ದು ಬಂತು. ತಳದ ತಗಡುಗಳಲ್ಲಿ ಹಳೆಯದು ಎಷ್ಟು ಉಳಿದಿದೆಯೋ ಅವರಿಗೂ ಗೊತ್ತಿರಲಿಲ್ಲ.

"ಇಂಜಿನ್ ಬೇರೆ, ತಗಡು ಬೇರೆ, ಹೆಸರು ಬೇರೆ" ಎಂದೆ ನಾನು, ಎಂ.ಎ. ತರಗತಿಯ ಹಳೆಯ ಉತ್ಸಾಹದಲ್ಲಿ. "ಹಾಗಾದರೆ ಇದು ಅದೇ ಹಡಗು ಅಂತ ಹೇಗೆ ಹೇಳುತ್ತೀರಿ?"

"ನಿಮ್ಮ ಟ್ರೈನ್ ಪಾಸು ಮೂರು ತಿಂಗಳಿಗೊಮ್ಮೆ ಹೊಸದು ಅಲ್ವಾ?"

"ಹೌದು."

"ಟಿ.ಸಿ. ಬಂದ್ರೆ, ಹೋದ ಸಲ ಹತ್ತಿದವ ಬೇರೆ ಅಂತ ಹೇಳ್ತೀರಾ?"

ಮನೆಗೆ ಬಂದು ಒಂದಿಷ್ಟು ಓದಿದೆ. ಅಂಥ ಯುದ್ಧಕಾಲದ ಹಡಗುಗಳು ಇನ್ನೂ ಅಲ್ಲಲ್ಲಿ ದುಡಿಯುತ್ತಿವೆಯಂತೆ. ಕೆಲವು ಕಾರು ದಾಟಿಸುತ್ತವೆ, ಕೆಲವು ಮರಳೆತ್ತುತ್ತವೆ, ಒಂದೆರಡು ಹೋಟೆಲ್ಲಾಗಿವೆ. ಹೋಗಿ ಹೇಳಿದಾಗ ಬಾರ್ಜಣ್ಣ, "ಹೋಟೆಲ್ಲಾ! ಹಾಗಾದ್ರೆ ನಮ್ಮ ಊರಿನವರೇ ಇಟ್ಟಿರಬೇಕು" ಎಂದು ಬಿಲ್ಡಿಂಗು ಕೇಳುವ ಹಾಗೆ ನಕ್ಕರು.

ಬೇಲಾಪುರದಲ್ಲಿ ಅವರು ಹೇಳಿದ ಇನ್ನೊಂದು ವಿಷಯ ನನಗೆ ಆಗ ಬರೀ ಸ್ವಾರಸ್ಯವಾಗಿ ಕಂಡಿತ್ತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಹುಣ್ಣಿಮೆಯ ಭರತದಲ್ಲಿ, ಕಡಲ ನೀರು ಏರಿದಾಗ, ಬಾರ್ಜನ್ನು ದಡದ ಕೆಸರಿಗೆ ಹತ್ತಿಸುತ್ತಾರೆ. ನೀರು ಇಳಿದು ಹೊಟ್ಟೆ ಕಂಡಾಗ ಅಡುಗೆಯವನಿಂದ ಸಾರಂಗನ ತನಕ ಎಲ್ಲರೂ ಸಣ್ಣ ಸುತ್ತಿಗೆ ಹಿಡಿದು ತಗಡು ತಗಡನ್ನೂ ಬಡಿಯುತ್ತಾರೆ. ತೆಳುವಾದಲ್ಲಿ ಸೀಮೆಸುಣ್ಣದ ಸುತ್ತು; ಆ ಸುತ್ತನ್ನು ಕತ್ತರಿಸಿ ಹೊಸ ತಗಡು. ಇದರಲ್ಲಿ ಒಂದು ಕಟ್ಟಳೆ ಉಂಟು: ತಾನು ಮಲಗುವ ಜಾಗದ ಕೆಳಗಿನ ತಗಡನ್ನು ತಾನೇ ಬಡಿಯಬಾರದು. ಬೇರೆಯವನು ಬಡಿಯಬೇಕು, ಅವನು ಹೇಳಿದ್ದನ್ನು ಒಪ್ಪಬೇಕು. "ಯಾಕೆ?" ಎಂದೆ. "ತನ್ನ ಹಾಸಿಗೆ ಅಲ್ವಾ ಮಾಷ್ಟ್ರೇ. ಒಳ್ಳೇದೇ ಕೇಳಿಸ್ತದೆ."

ನಮ್ಮ ಬಿಲ್ಡಿಂಗಿನ ಕಂಬಗಳ ಮೇಲೆ ಸೀಮೆಸುಣ್ಣದ ಸುತ್ತುಗಳು ಕಾಣಿಸಿಕೊಂಡದ್ದು ಅದಾದ ಎಷ್ಟು ದಿನಕ್ಕೆ ಎಂಬುದು ನನಗೆ ಖಚಿತವಿಲ್ಲ. ಮಾಸ್ಕ್ ಹಾಕಿದ್ದೆವು ಎಂದು ನೆನಪು. ಆದರೆ ನಮ್ಮ ಸೆಕ್ರೆಟರಿ ತಾಂಬೂಲ ಜಗಿಯುತ್ತ ಬೈದದ್ದೂ ಅಷ್ಟೇ ಸ್ಪಷ್ಟ ನೆನಪು, ಎರಡೂ ಒಟ್ಟಿಗೆ ಆಗದು. ಸೆಕ್ರೆಟರಿ ಧಾರವಾಡ ಕಡೆಯವರು, ರೈಲ್ವೆಯಲ್ಲಿದ್ದವರು. "ಏನ್ರೀ ಬಾರ್ಜಣ್ಣ, ಕಂಬಕ್ಕೆಲ್ಲಾ ಸುಣ್ಣದ ಬಳಿ ತೊಡಿಸಾಕತ್ತೀರಿ? ಇದೇನು ನಿಮ್ಮ ಹಡಗಾ? ಮಂದಿ ನೋಡಿದ್ರ ಏನಂದಾರು?"

"ನೋಡಲಿ ಅಂತಲೇ ಹಾಕಿದ್ದು."

"ಅಳಸ್ರೀ ಮೊದಲ."

ಅಳಿಸಿದರು. ಕೆಲವೇ ದಿನಗಳಲ್ಲಿ ಮಹಾನಗರಪಾಲಿಕೆಯ ನೋಟೀಸು ಗೇಟಿಗೆ ಅಂಟಿತು: ಕಟ್ಟಡ ಅಪಾಯಕಾರಿ, ಮಳೆಗೆ ಮೊದಲು ಖಾಲಿ ಮಾಡಿ.

ಮೂವತ್ತು ಕುಟುಂಬಗಳಿಗೆ ನಿಂತ ನೆಲವೇ ಜಾರಿದಂತಾಯಿತು. ಹೊರಟರೆ ಮತ್ತೆ ಇಲ್ಲಿಗೆ ಬರುವ ಭರವಸೆಯಿಲ್ಲ. ಇಲ್ಲೇ ಉಳಿದರೆ, ಕಟ್ಟಡ ನಿಂತರೆ ನಿಂತ ಹಾಗೆ, ಬಿದ್ದರೆ ಹೆಂಡತಿ ಮಕ್ಕಳ ಸಮೇತ. ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಮೀಟಿಂಗು. ನೋಟೀಸನ್ನು ಅನುಮಾನಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು, ಮತ್ತು ನಾನದನ್ನು ಸಂತೋಷದಿಂದ ಮಾಡಿದೆ. ಯಾರು ಬಂದು ಪರೀಕ್ಷೆ ಮಾಡಿದರು? ಯಾವ ಉಪಕರಣದಿಂದ? ಇದರ ಹಿಂದೆ ಯಾವ ಬಿಲ್ಡರ್? ಕೊನೆಗೆ ಕೈ ಎತ್ತಿ ಹೇಳಿದೆ: "ನಮ್ಮ ಬಾರ್ಜಣ್ಣನ ಹಡಗನ್ನೇ ನೋಡಿ. ನಾಲ್ಕು ದಿನ ಬಾಳಿದರೆ ಸಾಕೆಂದು ಗಡಿಬಿಡಿಯಲ್ಲಿ ಕಟ್ಟಿದ್ದು. ಎಪ್ಪತ್ತು ವರ್ಷ ದಾಟಿ ಇನ್ನೂ ತೇಲುತ್ತಿದೆ. ಈ ಕಟ್ಟಡಕ್ಕೆ ಅದರ ಅರ್ಧ ವಯಸ್ಸೂ ಆಗಿಲ್ಲ!"

ಚಪ್ಪಾಳೆ ಬಿತ್ತು. ಅಕ್ಕನೂ ತಟ್ಟಿದರು. ನನ್ನ ಬಾಳಿನಲ್ಲಿ ನನಗೆ ಅಷ್ಟು ಚಪ್ಪಾಳೆ ಯಾವ ಕಾಲೇಜಿನಲ್ಲೂ ಬಿದ್ದಿರಲಿಲ್ಲ.

ಬಾರ್ಜಣ್ಣ ಎದ್ದು ನಿಂತರು. ಎಲ್ಲರೂ ಅವರು ಹೌದೆನ್ನುವುದನ್ನು ಕಾದರು.

"ಮಾಷ್ಟ್ರು ಹೇಳಿದ್ದು ಸರಿ. ತೇಲ್ತಾ ಉಂಟು" ಎಂದರು. "ಯಾಕೆ ತೇಲ್ತಾ ಉಂಟು? ನಾವು ವರ್ಷ ವರ್ಷ ಅವಳ ಹೊಟ್ಟೆ ಬಡಿದು, ಕೊಳೆತದ್ದನ್ನು ಕೊಯ್ದು ತೆಗೆದದ್ದಕ್ಕೆ. ಈ ಬಿಲ್ಡಿಂಗಿನ ಹೊಟ್ಟೆ ಯಾರಾದ್ರೂ ಬಡಿದಿದ್ದೀರಾ? ಗಣಪತಿಗೆ ಬಣ್ಣ ಬಳಿದದ್ದು ಬಿಟ್ಟರೆ ಎಂತ ಮಾಡಿದ್ದೀರಿ? ಮುದುಕಿಯ ಹೆಸರು ಇದಕ್ಕೆ ಹೇಳಬೇಡಿ ಮಾರಾಯ್ರೇ. ಅವಳಿಗೆ ಅವಮಾನ."

"ಹಂಗಾದ್ರ ಈಗ ಬಡೀರಿ ನೀವ, ನಾವೂ ನೋಡೂಣು" ಎಂದರು ಸೆಕ್ರೆಟರಿ, ಸಿಟ್ಟಿನಲ್ಲಿ.

"ನಾನು ಬಡಿದದ್ದು ಸಾಲದು, ಬೇರೆಯವರು ಬಡಿಯಬೇಕು. ಮೀಟರ್ ರೂಮಿನ ಕಂಬದ ಮೇಲೆಯೇ ನಮ್ಮ ಮನೆ. ನಾನು ಅದರ ಮೇಲೆ ಮಲಗುವವ." ಅವರು ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. "ಮಾಷ್ಟ್ರು ಆಚೆ ವಿಂಗಿನವರು. ಅವರು ಬಡಿಯಲಿ. ಅವರು ಯಾವುದನ್ನೂ ಸುಮ್ಮನೆ ನಂಬುವ ಜನ ಅಲ್ಲ ಅಂತ ನಿಮಗೆಲ್ಲ ಗೊತ್ತುಂಟಲ್ಲ. ಅವರು ಗಟ್ಟಿ ಉಂಟು ಅಂದ್ರೆ ನಾನೂ ಇಲ್ಲೇ ಇರ್ತೇನೆ."

ಟೆರೇಸಿನಿಂದ ಮೀಟರ್ ರೂಮಿನ ತನಕ ಇಡೀ ಬಿಲ್ಡಿಂಗು ನನ್ನ ಹಿಂದೆ ಇಳಿಯಿತು. ಬಾರ್ಜಣ್ಣ ನನ್ನ ಕೈಗೆ ಸುತ್ತಿಗೆ ಕೊಟ್ಟು ಮೊದಲು ಗೇಟಿನ ಬಳಿಯ ಕಂಬ ಬಡಿಸಿದರು. "ಇದು ಗಟ್ಟಿ. ಕಿವಿ ಬಿಡಿ ಮಾಷ್ಟ್ರೇ, ಕಿವಿ ಇದ್ದವರೇ ಮೋಸ ಹೋಗುವುದು. ಸುತ್ತಿಗೆ ಹಿಂದೆ ಹಾರ್ತದಲ್ಲ, ಅದು ಮಣಿಕಟ್ಟಿಗೆ ಬರಬೇಕು. ಗಟ್ಟಿಯದ್ದು ಕೈಯನ್ನು ಒದೀತದೆ. ಕೊಳೆತದ್ದು ನುಂಗ್ತದೆ." ಆಮೇಲೆ ಮೀಟರ್ ರೂಮಿನ ಕಂಬ.

ಬಡಿದೆ. ಇನ್ನೊಮ್ಮೆ ಬಡಿದೆ. ಹೋಗಿ ಗೇಟಿನ ಕಂಬ ಬಡಿದು ಬಂದು ಮತ್ತೆ ಇದನ್ನು ಬಡಿದೆ. ಸತ್ಯ ಹೇಳುತ್ತೇನೆ: ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಎರಡೂ ಕಂಬ, ಎರಡೂ ಸಿಮೆಂಟು. ಒದ್ದದ್ದೂ ಇಲ್ಲ, ನುಂಗಿದ್ದೂ ಇಲ್ಲ. ಹಿಂದೆ ಮೂವತ್ತು ಮನೆಯವರು ನಿಂತಿದ್ದರು. ಬಾರ್ಜಣ್ಣ ನನ್ನ ಮುಖ ನೋಡುತ್ತಿದ್ದರು. ಬೇಡುವ ನೋಟವಲ್ಲ, ಗದರಿಸುವ ನೋಟವೂ ಅಲ್ಲ. ಮೋಡ ಕಟ್ಟಿದೆಯೋ ಎಂದು ಆಕಾಶ ನೋಡುವ ಹಾಗೆ.

"ಹೌದು" ಎಂದೆ. "ನುಂಗುತ್ತಿದೆ."

ಯಾಕೆ ಹಾಗೆಂದೆ ಎಂದು ಅನೇಕ ಸಲ ಯೋಚಿಸಿದ್ದೇನೆ. ಬಾಯಿಬಿಟ್ಟು ಹೇಳಿದೆನೋ, ಬರೀ ತಲೆಯಾಡಿಸಿದೆನೋ ಎಂಬ ಸಂಶಯವೂ ಒಂದೊಂದು ಸಲ ಬರುತ್ತದೆ. ಪರಿಣಾಮದ ಬಗ್ಗೆ ಮಾತ್ರ ಸಂಶಯವಿಲ್ಲ. "ಪ್ರೊಫೆಸರರಿಗೇ ಗೊತ್ತಾತಲ್ಲೋ!" ಎಂದು ಸೆಕ್ರೆಟರಿ ಸುತ್ತಿಗೆ ಕಸಿದುಕೊಂಡು ನಮ್ಮ ವಿಂಗಿನ ಕಂಬ ಬಡಿದು, "ಹೌದ್ರೀ, ಇದೂ ನುಂಗತೈತಿ" ಎಂದರು. ಆಮೇಲೆ ಬಡಿದವರಿಗೆಲ್ಲ ಗೊತ್ತಾಗತೊಡಗಿತು. ಸಂಜೆಯೊಳಗೆ ಟೆಂಪೋದವರಿಗೆ ಫೋನು ಹೋಗಿತ್ತು.

ಅಕ್ಕ ಮಾತ್ರ ಗಂಡನೊಡನೆ ಮಾತು ಬಿಟ್ಟರು. ಅವರು ವರ್ಷಗಟ್ಟಲೆ ಕಟ್ಟಿದ ಗಿರಾಕಿಗಳೆಲ್ಲ ನಡೆದು ಬರುವ ದೂರದವರು. ಇವರಿಗೆ ಸಿಕ್ಕ ಬಾಡಿಗೆ ಮನೆ ನಾಲ್ಕು ಸ್ಟೇಷನ್ ಆಚೆ, ಟಿಟ್ವಾಳಾದಲ್ಲಿ. "ಮಾಷ್ಟ್ರೇ, ನಿಮ್ಮ ಸ್ನೇಹಿತರಿಗೆ ಹೇಳಿ" ಎಂದು ನನ್ನ ಮೂಲಕ ಮಾತು ಸಾಗುತ್ತಿತ್ತು. "ಸವತಿಗೆ ಹುಷಾರಿಲ್ಲ ಅಂದ್ರೆ ಕೆಸರಿಗೆ ಹತ್ತಿಸಿ ಕೂರಿಸಬಹುದು. ನನ್ನ ಗಿರಾಕಿಗಳನ್ನು ಎಲ್ಲಿ ಹತ್ತಿಸಲಿ ಅಂತ ಕೇಳಿ." ಬಾರ್ಜಣ್ಣ ಎದುರಿಗೇ ಕೂತಿದ್ದರು. "ಎಂತ ಹೇಳ್ತಾಳೆ?" ಎಂದು ನನ್ನನ್ನೇ ಕೇಳಿದರು. ಆ ದೂರಕ್ಕೆ ಅವರ ಬಲಗಿವಿ ಚೆನ್ನಾಗಿಯೇ ಕೇಳುತ್ತಿತ್ತೆಂದು ನನ್ನ ಗುಮಾನಿ.

ನಾವು ಥಾಣೆಯ ವರ್ತಕ ನಗರಕ್ಕೆ ಬಂದೆವು. ಜುಲೈಯ ಒಂದು ಮಧ್ಯಾಹ್ನ, ಬಿಡದ ಮಳೆಯಲ್ಲಿ, ಮೀಟರ್ ರೂಮಿನ ಕಡೆಯ ಮೆಟ್ಟಿಲೂ ಅದರ ಮೇಲಿನ ಮನೆಗಳೂ ಒಂದರ ಮೇಲೊಂದು ಕುಸಿದು ಕೂತವು. ಒಳಗೆ ಯಾರೂ ಇರಲಿಲ್ಲ. ನಾನು ಫೋನು ಮಾಡಿದಾಗ ಬಾರ್ಜಣ್ಣನಿಗೆ ಸುದ್ದಿ ಮುಟ್ಟಿತ್ತು. ನೋಡಿದಿರಾ, ನಾನು ಹೇಳಲಿಲ್ಲವೇ, ಎಂದು ಹೇಳಲು ಆ ಮನುಷ್ಯನಿಗೆ ಪೂರ್ತಿ ಹಕ್ಕಿತ್ತು. ಅವರು ಕೇಳಿದ್ದು ಒಂದೇ: "ಮೀಟರ್ ರೂಮಿನಲ್ಲಿ ಒಂದು ಬೆಕ್ಕು ಮಲಗ್ತಿತ್ತಲ್ಲ, ಅದು ಎಲ್ಲಿ?" ಬೆಕ್ಕನ್ನು ಸೆಕ್ರೆಟರಿ ಒಯ್ದಿದ್ದಾರೆಂದು ನಾನು ಹೇಳಿದ ಮೇಲೆಯೇ ಫೋನಿಟ್ಟರು.

ಬಾರ್ಜಣ್ಣನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಟಿಟ್ವಾಳಾಕ್ಕೆ ಹೋದೆ. ಸಣ್ಣ ಮನೆ, ತುಂಬ ಜನ. ಅರ್ಧದಷ್ಟು ನಮ್ಮ ಹಳೆಯ ಬಿಲ್ಡಿಂಗಿನವರೇ; ಪನ್ವೇಲಿನಿಂದ, ಅಂಬರನಾಥದಿಂದ, ಎಲ್ಲೆಲ್ಲಿಂದಲೋ ಬಂದಿದ್ದರು, ಮಕ್ಕಳನ್ನು ಕರೆದುಕೊಂಡು. ಅಕ್ಕ ಅಡುಗೆಮನೆಯಲ್ಲಿ ಯಾರ ಮಾತೂ ಕೇಳದೆ ತಾವೇ ಬಡಿಸುವ ಪಾತ್ರೆಗಳನ್ನು ತುಂಬುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಮಾಷ್ಟ್ರೇ, ಒಂದು ಕೇಳ್ತೇನೆ, ಸತ್ಯ ಹೇಳಬೇಕು" ಎಂದರು ಅಕ್ಕ. "ಆ ದಿನ ನಿಮ್ಮ ಕೈಗೆ ನಿಜವಾಗಿ ಗೊತ್ತಾಗಿತ್ತಾ?"

ಅಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ. "ಇಲ್ಲ ಅಕ್ಕ. ಏನೂ ಗೊತ್ತಾಗಲಿಲ್ಲ."

ಅವರು ಸೌಟು ಕೆಳಗಿಟ್ಟರು. ನಗು ಬಂತು, ಹೊರಗೆ ಜನ ಇದ್ದಾರೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವರು ಅದೇ ಹೇಳಿದ್ರು! ಮನೆಗೆ ಬಂದವರೇ ಚಪ್ಪಲಿ ಕೂಡ ಬಿಚ್ಚಲಿಲ್ಲ. 'ಮಾಷ್ಟ್ರ ಕೈಗೆ ಎಂತದೂ ಗೊತ್ತಾಗಲಿಲ್ಲ, ಪಾಪ, ಆದ್ರೂ ಹೌದು ಅಂದ್ರು' ಅಂತ."

"ಸಿಟ್ಟಾಗಿದ್ದರಾ?"

"ಸಿಟ್ಟಾ? ಮದುವೆ ದಿನವೂ ಅಷ್ಟು ಖುಷಿ ನಾನು ಕಾಣಲಿಲ್ಲ. 'ಗೊತ್ತಾಗದೆ ಹೌದು ಅಂದ ಮೇಲೆ ಅವರು ನನ್ನನ್ನೇ ನಂಬಿದ ಹಾಗೆ ಅಲ್ವಾ?' ಅಂತ ಕೇಳಿದ್ರು. ಮೂರು ಸಲ ಕೇಳಿದ್ರು." ಅಕ್ಕ ಸೆರಗನ್ನು ಬಾಯಿಂದ ಕಣ್ಣಿಗೆ ಒಯ್ದರು. "ನಾನು ಮಾತು ಬಿಟ್ಟಿದ್ದೆ ನೋಡಿ. ಉತ್ತರ ಕೊಡಲಿಲ್ಲ."

"ಹೌದು ಅಕ್ಕ" ಎಂದೆ. "ಅವರನ್ನೇ ನಂಬಿದ್ದು."

"ಈಗ ನನಗೆ ಹೇಳಿ ಎಂತ ಪ್ರಯೋಜನ" ಎಂದು ಅಕ್ಕ ಪಾಯಸದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಮೊದಲ ಪಂಕ್ತಿಗೆ ಬಡಿಸಲು ಕಳಿಸಿದರು.